ಕೊಕ್ಕರೆ ವಿಮಾನದ ಐದು ವರ್ಷದ ಮಾತು

ನಮ್ಮೂರಿಗೆ ಓಟು ಕೇಳೋಕೆ ಬಂದೋರನ್ನ ಜನ ಮೊದಲು ನನ್ನ ತಕ್ಕಡಿ ಮೇಲೆ ಹತ್ತಿಸ್ತಿದ್ರು. ಭಾಷಣಕ್ಕೆ ಮುಂಚೆ ಒಂದ್ಸಲ, ಭಾಷಣ ಆದ್ಮೇಲೆ ಒಂದ್ಸಲ. ನಲ್ಲಿ ಹಾಕಿಸ್ತೀನಿ, ಸೇತುವೆ ಕಟ್ಟಿಸ್ತೀನಿ, ಮನೆಗೊಂದು ಕೆಲಸ ಕೊಡಿಸ್ತೀನಿ ಅಂತ ಎರಡು ಗಂಟೆ ಕೂಗಿ ಕೆಳಗಿಳಿದ ಮೇಲೆ ಒಬ್ಬರದ್ದಾದ್ರೂ ಮುಳ್ಳು ಕೂದಲೆಳೆಯಷ್ಟು ಅಲ್ಲಾಡಬೇಕಲ್ಲ? ಊಹೂಂ. ಬಿಸಿಲಲ್ಲಿ ಬೆವರು ಸುರಿಸಿ ಕಾಲು ಕೆಜಿ ಕಮ್ಮೀನೇ ಆಗಿರ್ತಿದ್ರು. ಆಮೇಲಾಮೇಲೆ ಅವರೇ ಬರೋದು ಬಿಟ್ರು. ಈಗ ಅವರ ಫೋಟೊ ಒಂದೇ ಬರೋದು, ಅದಕ್ಕೆ ತೂಕ ಹಾಕೋ ತಾಪತ್ರಯ ಇಲ್ಲ.

ಹೊರಗಿನೋರು ಇದನ್ನ ಕೇಳಿ ನಗ್ತಾರೆ. ನಗಲಿ. ನಮ್ಮೂರಲ್ಲಿ ಮನಸ್ಸಿಟ್ಟು ಮಾತು ಕೊಟ್ರೆ ಅದು ಮೈಮೇಲೆ ಕೂರತ್ತೆ, ನಡೆಸ್ತಾ ಹೋದಂಗೆ ಇಳಿಯತ್ತೆ. ‘ನಿಮ್ಮ ಏಣಿ ಸಂಜೆ ತಂದ್ಕೊಡ್ತೀನಿ’ ಅಂದ್ರೆ ಒಂದು ಹಿಡಿ ಅಕ್ಕಿಯಷ್ಟು. ‘ನೀವು ಬರೋವರೆಗೂ ಹಸು ನೋಡ್ಕೋತೀನಿ’ ಅಂದ್ರೆ ಎರಡು ಸೇರು. ಮದುವೆ ಮನೆ ಹಸೆಮಣೆ ನಮ್ಮಲ್ಲಿ ಮರದ್ದಲ್ಲ, ಕಬ್ಬಿಣದ್ದು. ತಾಳಿ ಕಟ್ಟಿದ ಗಂಡನ್ನ ನಾಲ್ಕು ಜನ ತೋಳು ಹಿಡಿದು ಎಬ್ಬಿಸಬೇಕು. ಯಾರೂ ಹಿಡೀದೆ ಸಲೀಸಾಗಿ ಎದ್ದು ಊಟದ ಪಂಕ್ತಿಗೆ ಓಡಿದ ಅಂದ್ರೆ ಹೆಣ್ಣಿನ ಕಡೆಯೋರು ಮುಖ ಮುಖ ನೋಡ್ಕೋತಾರೆ. ನಮ್ಮಲ್ಲೊಬ್ಬ ಟೈಲರ್ ಇದ್ದ. ಇಪ್ಪತ್ತು ವರ್ಷ ‘ನಾಳೆ ಗ್ಯಾರಂಟಿ’ ಅಂತ ಹೇಳ್ಕೊಂಡೇ ಬಂದ. ಗಾಳಿ ಜೋರಾದ್ರೆ ಅಂಗಡಿ ಕಂಬ ತಬ್ಬಿಕೊಂಡು ನಿಲ್ತಿದ್ದ, ಇಲ್ಲಾಂದ್ರೆ ಪಕ್ಕದ ಬೀದಿಗೆ ಹೋಗಿ ಬೀಳ್ತಿದ್ದ.

ನಾನು ದೊಡ್ಡತಮ್ಮಯ್ಯ. ಊರಿನ ವಿಮಾನದ ಮೈದಾನದಲ್ಲಿ ತೂಕ ಹಾಕೋ ಕೆಲಸ. ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟು ಬಂದೋನು, ಆದ್ರೆ ಅಂಕಿ ಚೆನ್ನಾಗಿ ಗೊತ್ತು. ನಮ್ಮೂರಿಗೂ ಪೇಟೆಗೂ ನಡುವೆ ಒಂದು ದೊಡ್ಡ ಕಣಿವೆ. ಸುತ್ತಿ ಹೋದ್ರೆ ಒಂದೂವರೆ ದಿನ, ಹಾರಿದ್ರೆ ಹದಿನೆಂಟು ನಿಮಿಷ. ಆಸ್ಪತ್ರೆ ಆಚೆ, ಕೋರ್ಟು ಆಚೆ, ಕಾಲೇಜು ಆಚೆ, ನೋಯದಂಗೆ ಹಲ್ಲು ಕೀಳೋ ಡಾಕ್ಟ್ರೂ ಆಚೆ. ಅದಕ್ಕೇ ಕೊಕ್ಕರೆ ಏರ್ ಸರ್ವಿಸ್ ಅಂತ ಒಂದು ಕಂಪನಿ, ಅದಕ್ಕೆ ಒಂದೇ ವಿಮಾನ. ಮುಂದೆ ಪೈಲಟ್‌ಗಳಿಗೆ ಎರಡು ಸೀಟು, ಹಿಂದೆ ಜನಕ್ಕೆ ಒಂಬತ್ತು. ಮೈದಾನ ಮುಗಿಯೋದು ಕಣಿವೆ ಬಾಯಲ್ಲೇ, ಹಂಗಾಗಿ ಭಾರ ಜಾಸ್ತಿ ಆದ್ರೆ ಏನಾಗತ್ತೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹತ್ತೋ ಪ್ರತಿಯೊಬ್ಬರೂ ಮೊದಲು ನನ್ನ ತಕ್ಕಡಿ ಹತ್ತಬೇಕು. ಬೆಲ್ಲದ ಮಂಡಿಯಿಂದ ತಂದ ತಕ್ಕಡಿ, ಊಟದ ತಟ್ಟೆಯಷ್ಟು ಅಗಲದ ಮುಖ, ಒಂದು ಕಪ್ಪು ಮುಳ್ಳು. ನನ್ನ ಬಾಯಿಂದ ಬರೋದ್ರಲ್ಲಿ ಮುಕ್ಕಾಲು ಪಾಲು ಗಾಳಿ, ನಾನೇ ಒಪ್ಕೋತೀನಿ. ಆದ್ರೆ ತೂಕದ ಪುಸ್ತಕದಲ್ಲಿ ಇಪ್ಪತ್ತೆರಡು ವರ್ಷ ಒಂದು ಸುಳ್ಳಂಕಿ ಬರೆದಿರಲಿಲ್ಲ.

ಕಂಪನಿ ಧಣಿ ಗುರುಶಾಂತಪ್ಪನವರು. ಅವರಿಗಿದ್ದ ಒಂದೇ ಸಂಕಟ ಅಂದ್ರೆ ಪೈಲಟ್‌ಗಳದ್ದು. ಹೊಸಬರು ಬರೋರು, ಕಣಿವೆ ಗಾಳೀಲಿ ಕೊಕ್ಕರೆ ಹಾರಿಸೋದನ್ನ ನಮ್ಮ ಹಳೇ ಪೈಲಟ್ ಕ್ಯಾಪ್ಟನ್ ಲೋಬೊ ಅವರ ಪಕ್ಕ ಕೂತು ಕಲಿಯೋರು. ಕೈ ಪಳಗಿತು ಅನ್ನೋಷ್ಟರಲ್ಲಿ ದೊಡ್ಡ ವಿಮಾನದ ಕಂಪನಿಯೋರು ಕರೆಯೋರು, ಇವರು ಹೋಗೋರು. ಹಂಗೆ ಏಳು ಜನ ಹೋದ್ರು. ಏಳನೆಯೋನು ಸುದರ್ಶನ ಅಂತ. ಧಣಿ ಅವನನ್ನ ಮನೇಲೇ ಇಟ್ಕೊಂಡು ಅನ್ನ ಹಾಕಿದ್ರು, ಹಬ್ಬಕ್ಕೆ ಅವನಿಗೂ ಒಂದು ಅಂಗಿ ಹೊಲಿಸಿದ್ರು. ಒಂದಿನ ಬೆಳಿಗ್ಗೆ ಟೋಪಿ ಮೊಳೆಗೆ ನೇತಾಕಿ ಹೋದೋನು, ಹೋಗ್ತೀನಿ ಅಂತಾನೂ ಹೇಳಲಿಲ್ಲ. ಧಣಿ ಒಂದು ವಾರ ಆಫೀಸಿಗೆ ಬರಲಿಲ್ಲ.

ಬಂದಾಗ ಕೈಯಲ್ಲೊಂದು ಕಾಗದ. ಪೇಟೆ ವಕೀಲರ ಹತ್ರ ಬರೆಸ್ಕೊಂಡು ಬಂದಿದ್ರು. ‘ಕಂಪನಿಯು ನೀಡುವ ತರಬೇತಿಗೆ ಪ್ರತಿಯಾಗಿ ಸದರಿ ಪೈಲಟ್ಟನು ಐದು ವರ್ಷಗಳ ಕಾಲ ಕಂಪನಿಯ ಸೇವೆಯನ್ನು ಬಿಟ್ಟು ಹೋಗತಕ್ಕದ್ದಲ್ಲ’ ಅಂತ ಶುರುವಾಗಿ ನಾಲ್ಕು ಪುಟ. ಧಣಿ ತಲೆ ಇನ್ನೂ ಒಂದು ಹೆಜ್ಜೆ ಮುಂದೆ ಓಡಿತ್ತು. ‘ತಮ್ಮಯ್ಯ, ಇನ್ಮೇಲೆ ಸಹಿ ಮೇಜಿನ ಮೇಲಲ್ಲ, ನಿನ್ನ ತಕ್ಕಡಿ ಮೇಲೆ ನಿಂತು’ ಅಂದ್ರು.

ಮೊದಲನೆಯೋನು ಬಂದ, ಕಪ್ಪು ಕನ್ನಡಕದ ಹುಡುಗ. ತಕ್ಕಡಿ ಹತ್ತಿ ಸರ್‌ರ್‌ ಅಂತ ನಾಲ್ಕು ಪುಟಕ್ಕೂ ಸಹಿ ಎಳೆದ.

‘ತಮ್ಮಯ್ಯ, ಮುಳ್ಳು ಏನಂತಿದೆ?’

‘ಮುಳ್ಳು ಏನೂ ಅಂತಿಲ್ಲ ಧಣಿ.’

‘ಸರಿ. ಕಾಫಿ ಕುಡಿದು ಹೋಗಪ್ಪ.’

ಎರಡನೆಯೋನಿಗೂ ಕಾಫಿ. ಮೂರನೆಯೋನಿಗೆ ಕಾಫಿ ಜೊತೆ ಒಂದು ವಡೆ, ಯಾಕಂದ್ರೆ ಸಹಿ ಹಾಕುವಾಗ ಮುಳ್ಳು ನಡುಗಿತ್ತು. ಆಮೇಲೆ ನೋಡಿದ್ರೆ ಅವನ ಕಾಲು ನಡುಗಿದ್ದಂತೆ.

ನಾಲ್ಕನೆಯೋಳು ವಾರಿಜಾ. ನಮ್ಮೂರ ಹುಡುಗೀನೇ. ಮೈದಾನದ ಗೇಟಲ್ಲಿ ಚುರುಮುರಿ ಮಾರೋ ತಿಮ್ಮಾಜಮ್ಮನ ಮಗಳು. ಸ್ಕಾಲರ್‌ಶಿಪ್ ಹಿಡಿದು ಎಲ್ಲೋ ದೂರ ಹೋಗಿ ಪೈಲಟ್ ಪರೀಕ್ಷೆ ಪಾಸು ಮಾಡ್ಕೊಂಡು ಬಂದಿದ್ಲು. ತಕ್ಕಡಿ ಹತ್ತಿದಾಗ ನಲವತ್ತೆಂಟು ಕೆಜಿ, ಚುರುಮುರಿ ತಿಂದು ಬೆಳೆದ ಮೈ. ಪೆನ್ನು ತಗೊಂಡ್ಲು, ಒಂದು ಗಳಿಗೆ ಕಣ್ಣು ಮುಚ್ಚಿದ್ಲು, ಸಹಿ ಹಾಕಿದ್ಲು. ಮುಳ್ಳು ಗಿರ್ರನೆ ತಿರುಗ್ತು. ಎಪ್ಪತ್ತು, ನೂರು, ನೂರೈವತ್ತು. ಕೆಳಗಿನ ಹಲಗೆ ಲಟಕ್ ಅಂತು. ಇನ್ನೂರ ಹನ್ನೊಂದಕ್ಕೆ ಬಂದು ನಿಂತ್ಕೊಂಡ್ತು.

‘ಅಯ್ಯೋ, ನನ್ ಚಪ್ಪಲಿ ಹೋಯ್ತು!’ ಅಂದ್ಲು ವಾರಿಜಾ. ಎರಡೂ ಚಪ್ಪಲಿಯ ಬಾರು ಕಿತ್ತೋಗಿತ್ತು.

ಧಣಿ ಕಣ್ಣಲ್ಲಿ ನೀರು. ‘ಚಿನ್ನ! ಚಿನ್ನದಂಥ ಹುಡುಗಿ!’ ಅಂತ ಕೂಗ್ತಾ ಲಾಡು ತರೋಕೆ ಆಳನ್ನ ಓಡಿಸಿದ್ರು. ನಾನು ಗೇಟಿಗೆ ಹೋಗಿ ತಿಮ್ಮಾಜಮ್ಮನಿಗೆ ಸುದ್ದಿ ಹೇಳ್ದೆ.

‘ಎಷ್ಟಂತೆ?’

‘ಇನ್ನೂರ ಹನ್ನೊಂದು.’

‘ಅವಳಪ್ಪನ್ನ ಕಟ್ಕೊಂಡಾಗ ನಾನೇ ಅಷ್ಟು ತೂಗಿರಲಿಲ್ಲವಲ್ಲೋ’ ಅಂದು ಈರುಳ್ಳಿ ಹೆಚ್ಚೋ ಚಾಕು ಕೆಳಗಿಟ್ಲು.

ಲಾಡು ಬಂತು, ಎಲ್ರೂ ತಿಂದ್ರು. ಕ್ಯಾಪ್ಟನ್ ಲೋಬೊ ಮಾತ್ರ ಕೈಯಲ್ಲಿ ಲಾಡು ಹಿಡ್ಕೊಂಡು ಮುಳ್ಳನ್ನೇ ನೋಡ್ತಾ ನಿಂತಿದ್ರು. ಅರವತ್ತೆರಡು ವರ್ಷದ ಮನುಷ್ಯ, ಮುಂದಿನ ವರ್ಷ ರಿಟೈರು. ‘ಧಣಿಗಳೇ, ಹುಡುಗಿ ಒಳ್ಳೆಯವಳೇ. ಆದ್ರೆ ಇವಳನ್ನು ಕೂರಿಸಿದ್ರೆ ಹಿಂದೆ ಎರಡು ಸೀಟು ಖಾಲಿ ಬಿಡ್ಬೇಕು, ಗೊತ್ತುಂಟಾ ನಿಮಗೆ?’ ಅಂದ್ರು.

ಧಣಿ ಬಾಯಲ್ಲಿದ್ದ ಲಾಡು ಅಲ್ಲೇ ನಿಂತ್ಕೊಂಡ್ತು. ನಿಜ ಹೇಳಬೇಕು ಅಂದ್ರೆ ಅದು ಯಾರಿಗೂ ಹೊಳೆದಿರಲಿಲ್ಲ. ಮುಳ್ಳು ಅಲ್ಲಾಡದೇ ಇರೋರನ್ನ ನೋಡಿ ನೋಡಿ, ಅಲ್ಲಾಡಿದ್ರೆ ಏನಾಗತ್ತೆ ಅನ್ನೋದನ್ನೇ ಮರೆತಿದ್ವಿ.

ಆದ್ರೂ ಶುರು ಮಾಡಿದ್ರು. ವಿಮಾನದ ಬಲಗಡೆ ಸೀಟಿನ ಬೋಲ್ಟು ಬದಲಾಯಿಸಿ ದಪ್ಪಂದು ಹಾಕಿದ್ರು. ಆಫೀಸಲ್ಲಿ ಅವಳು ಕೂರೋಕೆ ಕಟಿಂಗ್ ಶಾಪಿನ ಹಳೇ ಕಬ್ಬಿಣದ ಕುರ್ಚಿ ತರಿಸಿದ್ರು. ಮಂಚ ಎರಡು ಮುರಿದ ಮೇಲೆ ಅವಳು ನೆಲದ ಮೇಲೇ ಮಲಗ್ತಿದ್ಲು. ಮಳೆ ಬಂದ ಮಾರನೇ ದಿನ ಅವಳು ಮೈದಾನದಲ್ಲಿ ನಡೆದ್ರೆ ಹೆಜ್ಜೆ ಹೆಜ್ಜೆಗೂ ಒಂದೊಂದು ಬಟ್ಟಲು ನೀರು ನಿಲ್ತಿತ್ತು, ಅದ್ರಲ್ಲಿ ಗುಬ್ಬಿಗಳು ಸಾಲಾಗಿ ಸ್ನಾನ ಮಾಡ್ತಿದ್ವು. ಹುಡುಗಿ ಮಾತ್ರ ನಗ್ತಾನೇ ಇದ್ಲು. ಗಾಳಿಗೆ ಸಿಕ್ಕ ಕೊಕ್ಕರೇನ ಅವಳು ಕೈಯಲ್ಲಿ ಹಿಡಿಯೋ ರೀತಿ ನೋಡಿ ಲೋಬೊ ಅವರು ನನ್ನ ಹತ್ರ ಗುಟ್ಟಾಗಿ ಹೇಳಿದ್ರು, ‘ತಮ್ಮಯ್ಯ, ಹಿಂದಿನ ಏಳು ಜನಕ್ಕೆ ನಾನು ಕಲಿಸಿದೆ ಮಾರಾಯ. ಇವಳಿಗೆ ನೆನಪು ಮಾಡಿ ಕೊಟ್ರೆ ಸಾಕು.’

ತೊಂದರೆ ಆಗಿದ್ದು ಹಿಂದಿನ ಸೀಟಿಂದು. ದಿನಾ ಪ್ರತಿ ಟ್ರಿಪ್ಪಲ್ಲೂ ಇಬ್ರು ಹಿಂದೆ ಉಳಿಯೋರು. ಹಲ್ಲು ನೋವಿನೋರು ಕೆನ್ನೆ ಹಿಡ್ಕೊಂಡು ಬೈಯೋರು, ಕೋರ್ಟಿನ ವಾಯಿದೆ ಇರೋರು ಕಾಗದ ಬೀಸಿ ಬೈಯೋರು. ‘ಆ ಹುಡುಗೀನ ಇಳಿಸಿ, ನಾವು ಇಬ್ರು ಹೋಗ್ತೀವಿ’ ಅನ್ನೋರು. ‘ಇಳಿಸಿದ್ರೆ, ಲೋಬೊ ರಿಟೈರಾದ ಮೇಲೆ ನೀವೇನು ಕುದುರೆ ಲಗಾಮು ಹಿಡ್ಕೊಂಡು ಹಾರ್ತೀರಾ?’ ಅಂತ ಗೇಟಿಂದ ತಿಮ್ಮಾಜಮ್ಮ ಕೂಗೋಳು.

ಹನ್ನೆರಡನೇ ದಿನ ಬೆಳಿಗ್ಗೆ ಧಣಿ ವಾರಿಜಾನ ಕರೆದ್ರು. ನಾನು ಅಲ್ಲೇ ಮುಳ್ಳಿನ ಗಾಜು ಒರೆಸ್ತಿದ್ದೆ. ‘ನೋಡಮ್ಮ, ಇವತ್ತೂ ಇಬ್ರು ಉಳಿದ್ರೆ ನಾಳೆಯಿಂದ ನೀನು ಟಿಕೆಟ್ ಕೌಂಟರಲ್ಲಿ ಕೂತ್ಕೋ. ಲೋಬೊ ಒಬ್ಬರೇ ಓಡಿಸ್ಲಿ.’

‘ಧಣಿ, ನಾನು ಟಿಕೆಟ್ ಹರಿಯೋಕೆ ಬಂದೋಳಲ್ಲ.’

‘ಕಾಗದ ಓದಮ್ಮ. ಕಂಪನಿಯ ಸೇವೆ ಅಂತಿದೆ. ವಿಮಾನ ಓಡಿಸೋದು ಅಂತ ಎಲ್ಲಿದೆ?’

ವಾರಿಜಾ ಕಾಗದ ತಿರುಗಿಸಿ ತಿರುಗಿಸಿ ನೋಡಿದ್ಲು. ನಾಲ್ಕು ಪುಟದಲ್ಲಿ ಎಲ್ಲೂ ಇರಲಿಲ್ಲ. ಐದು ವರ್ಷ ಅವಳು ಹೋಗಂಗಿಲ್ಲ ಅಂತ ಹನ್ನೊಂದು ಕಡೆ ಇತ್ತು. ಅವಳನ್ನ ಹಾರಿಸ್ತೀವಿ ಅಂತ ಒಂದು ಕಡೇನೂ ಇರಲಿಲ್ಲ. ಹುಡುಗಿ ಮುಖದ ನಗು ಅವತ್ತು ಮೊದಲ ಸಲ ಆರಿಹೋಯ್ತು. ನಲವತ್ತೆಂಟು ಕೆಜಿ ಹುಡುಗಿ ನೂರ ಅರವತ್ತು ಕೆಜಿ ಮಾತು ಹೊತ್ಕೊಂಡು ಐದು ವರ್ಷ ಕೌಂಟರಲ್ಲಿ ಕೂರೋದು ಅಂದ್ರೇನು? ಆಮೇಲೆ ನಾನು ಮಾಡಿದ್ದು ಹೇಳೋಕೆ ನಾಚಿಕೆಯಾಗತ್ತೆ, ಆದ್ರೂ ಹೇಳ್ತೀನಿ.

ಅವತ್ತು ಬಂದ ಒಂಬತ್ತು ಜನಕ್ಕೂ ನಾನು ಹದಿನೈದು, ಹದಿನೆಂಟು ಕೆಜಿ ಕಮ್ಮಿ ಬರೆದೆ. ಒಬ್ಬ ದಪ್ಪ ಹೆಂಗಸು ಐವತ್ತೆರಡು. ಬಸ್ಕಿ ಹೊಡೆಯೋ ಪೈಲ್ವಾನ ಅರವತ್ತು. ಲೋಬೊ ಅವರು ಪುಸ್ತಕ ನೋಡಿ ಹುಬ್ಬು ಏರಿಸಿದ್ರು.

‘ಎಂತ ತಮ್ಮಯ್ಯ, ಇಷ್ಟೇನಾ?’

‘ನಿನ್ನೆ ಏಕಾದಶಿ ಅಲ್ವಾ ಸ್ವಾಮಿ, ಊರೆಲ್ಲ ಉಪವಾಸ.’

ಅವರು ಕ್ರಿಶ್ಚಿಯನ್ನರು, ಏಕಾದಶಿ ಯಾವತ್ತು ಅಂತ ಅವರಿಗೇನು ಗೊತ್ತು. ಇಪ್ಪತ್ತೆರಡು ವರ್ಷ ನನ್ನ ಪುಸ್ತಕ ನಂಬಿದ್ರು, ಅವತ್ತೂ ನಂಬಿ ಸಹಿ ಹಾಕಿದ್ರು. ಒಂಬತ್ತು ಜನಾನೂ ಹತ್ತಿದ್ರು. ವಾರಿಜಾ ಕಿಟಕಿಯಿಂದ ನನಗೆ ಹೆಬ್ಬೆರಳು ತೋರಿಸಿ ನಕ್ಕಳು.

ಕೊಕ್ಕರೆ ಓಡ್ತು. ದಿನಾ ಬೇವಿನ ಮರದ ಹತ್ರ ಮೂತಿ ಎತ್ತೋದು ಅವತ್ತು ಬೇವಿನ ಮರ ದಾಟ್ತು, ಗಾಳಿ ದಿಕ್ಕು ತೋರಿಸೋ ಚೀಲದ ಕಂಬ ದಾಟ್ತು, ಇನ್ನೂ ನೆಲದ ಮೇಲೇ ಇತ್ತು. ಮೈದಾನ ಮುಗೀತು. ಕಣಿವೆ ಬಾಯಲ್ಲಿ ದಡಕ್ ಅಂತ ಇಳಿದು ಕಣ್ಣಿಗೆ ಕಾಣದಂಗಾಯ್ತು. ನಾನು ತಕ್ಕಡಿ ಮೇಲೇ ಕುಸಿದು ಕೂತೆ. ಎಷ್ಟು ಹೊತ್ತೋ ಗೊತ್ತಿಲ್ಲ, ಗೇಟಲ್ಲಿ ತಿಮ್ಮಾಜಮ್ಮನ ಕೈಯಿಂದ ಡಬ್ಬ ಬಿದ್ದು ಚುರುಮುರಿ ಚೆಲ್ಲಿದ ಶಬ್ದ ಮಾತ್ರ ಕೇಳಿಸ್ತು. ಆಮೇಲೆ ದೂರದಲ್ಲಿ, ಕಣಿವೆಯ ಹೊಟ್ಟೆಯಿಂದ, ಕೊಕ್ಕರೆ ನಿಧಾನಕ್ಕೆ ಮೇಲೆ ಬಂತು.

ವಾಪಸ್ ಬಂದಾಗ ಚಕ್ರದಲ್ಲಿ ಲಂಟಾನದ ಪೊದೆ ಸಿಕ್ಕಾಕ್ಕೊಂಡಿತ್ತು, ಹೂವಿನ ಸಮೇತ. ಲೋಬೊ ಅವರು ಇಳಿದು ನೇರ ನನ್ನ ಹತ್ರ ಬಂದ್ರು. ‘ಪುಸ್ತಕ ತಾ.’ ನಾನು ಪುಸ್ತಕ ಕೊಡಲಿಲ್ಲ. ‘ಸುಳ್ಳು ಬರೆದೆ ಸ್ವಾಮಿ. ಈ ಮಗು ಕೌಂಟರಲ್ಲಿ ಕೂರಬಾರದು ಅಂತ’ ಅಂದೆ.

ಬೈದಿದ್ದು ಲೋಬೊ ಅಲ್ಲ, ವಾರಿಜಾ. ‘ನನ್ನ ಹೆಸರಲ್ಲಿ ಸುಳ್ಳು ಬರೆದ್ರಾ ಮಾವ? ಒಂಬತ್ತು ಜನ ಕೂತಿದ್ರು ಹಿಂದೆ. ಅವರಲ್ಲೊಬ್ಬಳು ಬಸುರಿ. ಆಚೆ ದಡ ಮುಟ್ಟೋವರೆಗೂ ಕಣ್ಣು ಮುಚ್ಚಿ ದೇವರ ಹೆಸರು ಹೇಳ್ತಾ ಇದ್ಲು, ಕೇಳಿಸ್ಕೊಂಡ್ರಾ ನೀವು?’

ನಾನು ಪುಸ್ತಕ ತೆಗೆದು ಅವಳ ಮುಂದಿಟ್ಟೆ.

‘ಇನ್ಮೇಲೆ ಸುಳ್ಳಂಕಿ ಬರೆಯಲ್ಲ ಅಂತ ಮಾತು ಕೊಡಿ. ಈಗ್ಲೇ.’

ಕೊಟ್ಟೆ. ಆರು ಕೆಜಿ ಬಂದು ಕೂತ್ಕೊಂಡ್ತು. ಸಾಯೋವರೆಗೂ ನಡೆಸಬೇಕಾದ ಮಾತು, ಇಳಿಯೋ ಹಂಗಿಲ್ಲ. ಎಲ್ಲ ಮಂಡಿಯಲ್ಲೇ ಸೇರ್ಕೊಂಡಿದೆ, ಮೆಟ್ಟಿಲು ಹತ್ತುವಾಗ ಈಗಲೂ ಕಟಕಟ ಅನ್ನತ್ತೆ.

ಮಾರನೇ ದಿನದಿಂದ ವಾರಿಜಾ ಕೌಂಟರಿಗೆ ಹೋದ್ಲು. ಲೋಬೊ ಅವರು ಒಬ್ಬರೇ ಹಾರಿಸಿದ್ರು, ಸಂಜೆ ಬೆನ್ನು ಹಿಡ್ಕೊಂಡು ಇಳಿಯೋರು. ಧಣಿ ಇನ್ನೊಬ್ಬ ಪೈಲಟ್ ಸಿಕ್ತಾನಾ ಅಂತ ಹುಡುಕಿದ್ರು. ಬಂದೋರೆಲ್ಲ ಕಾಫಿ ಕುಡಿದು ಹೋದ್ರು. ಲೋಬೊ ರಿಟೈರಾದ ದಿನ ವಿಮಾನ ಶೆಡ್ಡಲ್ಲಿ ಕೂರತ್ತೆ, ಊರು ಮತ್ತೆ ಒಂದೂವರೆ ದಿನದ ದೂರಕ್ಕೆ ಹೋಗತ್ತೆ ಅಂತ ಎಲ್ಲರಿಗೂ ಗೊತ್ತಾಗ್ತಾ ಬಂತು. ವಾರಿಜಾ ಟಿಕೆಟ್ ಹರಿದು ಕೊಡೋಳು. ವಿಮಾನ ಏಳೋ ಸದ್ದು ಬಂದಾಗ ಮಾತ್ರ ಅವಳ ಬಲಗೈ ಮೇಜಿನ ಕೆಳಗೆ ಯಾವುದೋ ಹಿಡಿಕೆ ಎಳೆದಂಗೆ ತಾನಾಗೇ ಹಿಂದಕ್ಕೆ ಬರೋದು. ನಾನು ನೋಡಿದ್ದೀನಿ.

ದಿನಾ ಸಂಜೆ ಅವಳನ್ನ ತೂಕ ಹಾಕ್ತಿದ್ದೆ. ಅದು ನನ್ನ ಚಾಳಿ. ಹಾರಿದ ಹನ್ನೆರಡು ದಿನದಲ್ಲಿ ಅವಳು ಒಂದು ಕೆಜಿ ಇಳಿದು ಇನ್ನೂರ ಹತ್ತು ಆಗಿದ್ಲು. ಕೌಂಟರಿಗೆ ಬಂದ ಮೇಲೆ ಹತ್ತು ದಿನ ನೋಡಿದೆ, ಇನ್ನೂರ ಹತ್ತು. ತಿಂಗಳು ನೋಡಿದೆ, ಇನ್ನೂರ ಹತ್ತು. ಐವತ್ತೆಂಟನೇ ದಿನ ತಲೇಲಿ ದೀಪ ಹತ್ತಿತು. ಪುಸ್ತಕ ಕಂಕುಳಲ್ಲಿಟ್ಕೊಂಡು ಧಣಿ ಹತ್ರ ಹೋದೆ.

‘ಧಣಿ, ಹಾರಿದ ಹನ್ನೆರಡು ದಿನಕ್ಕೆ ಒಂದು ಕೆಜಿ ಇಳಿದಿದೆ. ಕೌಂಟರಲ್ಲಿ ಕೂತ ಐವತ್ತೆಂಟು ದಿನಕ್ಕೆ ಸೊನ್ನೆ. ಈ ಹುಡುಗಿ ಕೌಂಟರಲ್ಲಿ ಐವತ್ತು ವರ್ಷ ಕೂತ್ರೂ ಮಾತು ತೀರಲ್ಲ.’

‘ಯಾಕೆ ತೀರಲ್ಲ? ಸೇವೆ ಅಂತ ಕಾಗದದಲ್ಲಿ ಬರೆದಿದೆಯಲ್ಲ?’

‘ಕಾಗದ ತಕ್ಕಡಿ ಹತ್ತಲಿಲ್ಲ ಧಣಿ. ಹುಡುಗಿ ಹತ್ತಿದ್ದು.’

ಧಣಿ ಕೆಟ್ಟೋರಲ್ಲ. ಪುಸ್ತಕ ಎಳ್ಕೊಂಡು ಅಂಕಿ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ನೋಡಿದ್ರು. ಆಮೇಲೆ ಎದ್ದು ಬೀರು ತೆಗೆದು ಆ ನಾಲ್ಕು ಪುಟದ ಕಾಗದ ಹಿಡ್ಕೊಂಡು ತೂಕದ ಕೋಣೆಗೆ ಬಂದ್ರು, ವಾರಿಜಾನ ಕರೆಸಿದ್ರು. ಟಿಕೆಟಿಗೆ ನಿಂತಿದ್ದ ಜನಾನೂ ಬಾಗಿಲಲ್ಲಿ ಇಣುಕಿದ್ರು. ತಿಮ್ಮಾಜಮ್ಮ ಡಬ್ಬ ಸೊಂಟದ ಮೇಲೆ ಇಟ್ಕೊಂಡು ಎಲ್ಲರನ್ನೂ ತಳ್ಳಿ ಮುಂದೆ ಬಂದ್ಲು.

‘ಹತ್ತಮ್ಮ ತಕ್ಕಡಿ’ ಅಂದ್ರು ಧಣಿ. ಅವಳು ಹತ್ತಿದ್ಲು. ಧಣಿ ಎಲ್ಲರೆದುರಿಗೆ ಕಾಗದ ಪರ ಪರ ಹರಿದ್ರು. ‘ಹೋಗು. ನಿನ್ನನ್ನ ಬಿಟ್ಟಿದ್ದೀನಿ. ದೊಡ್ಡ ವಿಮಾನ ಓಡಿಸ್ಕೊಂಡು ಸುಖವಾಗಿರು.’

ಮುಳ್ಳು ಇನ್ನೂರ ಹತ್ತರಲ್ಲೇ ಇತ್ತು.

ಧಣಿ ಮುಖ ಬಿಳುಚಿಕೊಂಡ್ತು. ‘ಅಯ್ಯೋ, ಹರಿದೆನಲ್ಲಮ್ಮ!’

‘ಹರಿದ್ರೆ ಏನಾಗತ್ತೆ ಧಣಿ? ನಾನು ಮಾತು ಕೊಟ್ಟಿದ್ದು ಆ ಕಾಗದಕ್ಕಲ್ಲ.’

‘ಮತ್ಯಾರಿಗೆ?’

‘ಅವತ್ತು ನಾನು ಕಾಗದ ಓದಲೇ ಇಲ್ಲ. ಓದಬೇಕಿತ್ತು, ದಡ್ಡಿ ನಾನು. ಕಣ್ಣು ಮುಚ್ಚಿ ಮನಸ್ಸಲ್ಲಿ ಅಂದ್ಕೊಂಡಿದ್ದು ಒಂದೇ. ಐದು ವರ್ಷ ಈ ಊರೋರನ್ನ ಆಚೆ ದಾಟಿಸ್ತೀನಿ, ಈಚೆ ಕರ್ಕೊಂಡ್ಬರ್ತೀನಿ ಅಂತ. ಅದನ್ನ ಮಾಡದೆ ಇದು ಇಳಿಯಲ್ಲ. ಹಿಂಗೇ ಹೊತ್ಕೊಂಡು ಬೇರೆ ಊರಿಗೆ ಹೋದ್ರೆ ನನ್ನನ್ನ ಯಾವ ವಿಮಾನಕ್ಕೆ ಹತ್ತಿಸ್ತಾರೆ?’

ಆಮೇಲೆ ತಿಮ್ಮಾಜಮ್ಮ ಡಬ್ಬ ಕೆಳಗಿಟ್ಲು. ‘ಧಣಿ, ನನ್ನ ಮಗಳು ಸಹಿ ಹಾಕಿದಾಗ ತಕ್ಕಡಿ ಹತ್ತಿದ್ಲು. ನೀವೂ ಸಹಿ ಹಾಕಿದ್ರಲ್ಲ ಅದೇ ಕಾಗದಕ್ಕೆ, ನೀವು ಹತ್ತಿದ್ರಾ?’

ಇಲ್ಲ. ಸಹಿ ಹಾಕುವಾಗ ಯಾರೂ ಅವರನ್ನ ಹತ್ತಿಸೇ ಇರಲಿಲ್ಲ. ನನಗೂ ಹೊಳೆದಿರಲಿಲ್ಲ, ಧಣಿ ಅಲ್ವಾ.

‘ಹತ್ತಿ ಧಣಿ’ ಅಂತ ಹಲ್ಲು ನೋವಿನೋರೊಬ್ಬರು ಕೆನ್ನೆ ಹಿಡ್ಕೊಂಡೇ ಕೂಗಿದ್ರು. ಎಲ್ಲರೂ ದನಿ ಸೇರಿಸಿದ್ರು. ಧಣಿ ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ ಹತ್ತಿದ್ರು. ಎಪ್ಪತ್ತೊಂದು. ಅವರು ಪೇಟೆಗೆ ಹಾರುವಾಗ ಬರೆದ ಹಳೇ ಪುಸ್ತಕ ತೆಗೆದು ನೋಡಿದೆ, ಇಪ್ಪತ್ತು ವರ್ಷದಿಂದ ಎಪ್ಪತ್ತೊಂದೇ.

‘ಸರಿ, ನಾನೂ ಮಾತು ಕೊಡ್ತೀನಿ. ಏನೀಗ? ಹುಡುಗೀನ ಚೆನ್ನಾಗಿ ನೋಡ್ಕೋತೀನಿ’ ಅಂದ್ರು ಗತ್ತಾಗಿ.

ಎಲ್ಲರ ಕಣ್ಣೂ ಮುಳ್ಳಿನ ಮೇಲೆ. ‘ಅಲ್ಲಾಡಲಿಲ್ಲ ಧಣಿ’ ಅಂದೆ. ಬಾಗಿಲಲ್ಲಿ ಯಾರೋ ಕಿಸಕ್ ಅಂದ್ರು.

‘ಕಂಪನಿ ವತಿಯಿಂದ ಸಕಲ ಅನುಕೂಲ ಮಾಡಿಕೊಡ್ತೀನಿ.’

‘ಊಹೂಂ.’

ಧಣಿ ಹಣೆ ಮೇಲೆ ಬೆವರು. ತಕ್ಕಡಿ ಮೇಲೆ ನಿಂತ ಮನುಷ್ಯ ಎಷ್ಟು ಚಿಕ್ಕೋನಾಗಿ ಕಾಣ್ತಾನೆ ಅಂತ ನಾನು ದಿನಾ ನೋಡ್ತೀನಿ, ಆದ್ರೆ ಧಣಿ ಅಷ್ಟು ಚಿಕ್ಕೋರಾಗಿದ್ದು ಅವತ್ತೇ. ವಾರಿಜಾ ಕಡೆ ನೋಡದೆ ಹೇಳಿದ್ರು, ‘ಸುದರ್ಶನ ಹೋದಾಗ ನಮ್ಮ ಮನೇಲಿ ಒಂದು ತಿಂಗಳು ಅವನ ತಟ್ಟೆ ತೊಳೆದು ಇಡ್ತಾನೇ ಇದ್ವಿ. ಇನ್ನೊಬ್ಬರು ಹಂಗೆ ಹೋಗಬಾರದು ಅಂತ ಬೇಲಿ ಹಾಕಿದೆ ಕಣಮ್ಮ. ಬೇಲಿಯೊಳಗೆ ನೀನು ಏನು ಮಾಡ್ತೀಯ ಅಂತ ಯೋಚನೆ ಮಾಡಲಿಲ್ಲ.’

‘ಅದು ನನಗೆ ಅರ್ಥ ಆಗತ್ತೆ ಧಣಿ.’

‘ನಾಳೆಯಿಂದ ನೀನು ಹಾರು. ಏಳೇ ಜನ ಕೂರ್ಲಿ. ಎರಡು ಸೀಟು ಖಾಲಿ ಹೋದ್ರೆ ಅದು ನನ್ನ ತಲೆನೋವು, ನಿನ್ನನ್ನ ಯಾರೂ ಒಂದು ಮಾತು ಅನ್ನದಂಗೆ ನಾನು ಗೇಟಲ್ಲಿ ನಿಂತ್ಕೋತೀನಿ.’

ಮುಳ್ಳು ಎಪ್ಪತ್ತೊಂದು ಬಿಟ್ಟು ಎದ್ದಿತು. ಎಂಬತ್ತು, ತೊಂಬತ್ತು. ‘ಧಣಿ, ಏರ್ತಾ ಇದೆ!’ ಅಂತ ಕೂಗಿದೆ.

‘ನಿನ್ನನ್ನ ಇನ್ಯಾವತ್ತೂ ಕೌಂಟರಲ್ಲಿ ಕೂರಿಸಲ್ಲ. ಲೋಬೊ ಕಲಿಸೋದೆಲ್ಲ ಕಲಿ. ಅವರು ಇಳಿದ ದಿನ ಎಡಗಡೆಯ ಕ್ಯಾಪ್ಟನ್ ಸೀಟು ನಿಂದು. ಐದು ವರ್ಷ ಆದ ಮೇಲೆ ನೀನು ಹೋಗ್ತೀನಿ ಅಂದ್ರೆ ನಾನೇ ಊಟ ಹಾಕಿಸಿ ಕಳಿಸ್ತೀನಿ, ತಟ್ಟೆ ತೊಳೆದು ಕಾಯೋದಿಲ್ಲ.’

ಕೊನೇ ಮಾತಿಗೆ ಮುಳ್ಳು ದಡಕ್ಕನೆ ಹಾರಿ ನೂರ ಮೂವತ್ನಾಲ್ಕಕ್ಕೆ ನಿಂತಿತು. ಧಣಿ ‘ಅಮ್ಮಾ’ ಅಂತ ಮಂಡಿ ಹಿಡ್ಕೊಂಡು ಅಲ್ಲೇ ಕೂತ್ರು. ನಾಲ್ಕು ಜನ ತೋಳು ಹಿಡಿದು ಎಬ್ಬಿಸಬೇಕಾಯ್ತು, ತಾಳಿ ಕಟ್ಟಿದ ಗಂಡನ್ನ ಎಬ್ಬಿಸಿದಂಗೆ. ವಾರಿಜಾನೂ ಒಂದು ತೋಳು ಹಿಡಿದ್ಲು. ಕ್ಯಾಪ್ಟನ್ ಲೋಬೊ ಮೂಗು ಒರೆಸ್ಕೋತಾ, ‘ಧಣಿಗಳೇ, ಈಗ ನೀವು ನನ್ನ ವಿಮಾನ ಹತ್ತಬೇಕಂದ್ರೆ ಎರಡು ಟಿಕೆಟ್ ತೆಗೀಬೇಕು’ ಅಂದ್ರು. ಜನ ನಕ್ಕಿದ್ದು ಕಣಿವೆ ಆಚೆಗೂ ಕೇಳಿಸಿರಬೇಕು.

ಮಾರನೇ ದಿನ ಏಳು ಜನಾನ ಕೂರಿಸ್ಕೊಂಡು ಕೊಕ್ಕರೆ ಬೇವಿನ ಮರದ ಹತ್ರಾನೇ ಮೂತಿ ಎತ್ತಿತು. ಉಳಿದ ಇಬ್ರು ಬೈಯೋಕೆ ಬಾಯಿ ತೆರೆದ್ರು, ಗೇಟಲ್ಲಿ ನೂರ ಮೂವತ್ನಾಲ್ಕು ಕೆಜಿ ಧಣಿ ನಿಂತಿದ್ದು ನೋಡಿ ಮುಚ್ಚಿದ್ರು. ಹೊಸ ಪೈಲಟ್‌ಗಳಿಗೆ ಈಗಲೂ ಕಾಗದ ಇದೆ. ಒಂದೇ ಪುಟ, ಅರ್ಧ ಅವರದ್ದು ಅರ್ಧ ಕಂಪನಿದು, ಇಬ್ಬರೂ ತಕ್ಕಡಿ ಹತ್ತಬೇಕು. ಹೋದ ವರ್ಷ ಹಂಗೆ ಒಬ್ಬ ಬಂದ. ಅವನದ್ದು ಎರಡೇ ವರ್ಷದ ಮಾತು, ಹಗುರ.

ವಾರಿಜಾ ದಿನಾ ಹಾರಿದ್ಲು, ದಿನಾ ಇಳಿದ್ಲು. ಲೋಬೊ ಹೋದ ದಿನ ಎಡಗಡೆ ಸೀಟಿಗೆ ಬಂದ್ಲು. ಮೊನ್ನೆ ಸಂಜೆ ಅವಳನ್ನ ತೂಗಿ ಲೆಕ್ಕ ಹಾಕಿದೆ, ಎರಡು ಸಲ ಹಾಕಿದೆ, ಎಂಟನೇ ಸೀಟಿಗೂ ಒಬ್ಬರನ್ನ ಕೂರಿಸಬಹುದು ಅಂತ ಬಂತು. ಊರಲ್ಲಿ ಗಲಾಟೆನೋ ಗಲಾಟೆ. ಯಾರು ಮೊದಲು ಕೂರೋದು? ಮಾಜಿ ಮೆಂಬರು ನಾನು ಅಂದ, ಕಾಲೇಜು ಮೇಷ್ಟ್ರು ನಾನು ಅಂದ್ರು. ಧಣಿ ಯಾರ ಮಾತೂ ಕೇಳದೆ ಟಿಕೆಟ್ ಹರಿದು ಗೇಟಿಗೆ ಹೋಗಿ ತಿಮ್ಮಾಜಮ್ಮನ ಕೈಗೆ ಕೊಟ್ರು. ಇಪ್ಪತ್ತೈದು ವರ್ಷ ಗೇಟಲ್ಲಿ ಕೂತು ವಿಮಾನದ ಹೊಟ್ಟೆ ನೋಡಿದೋಳು, ಒಳಗೆ ಒಂದ್ಸಲಾನೂ ಕಾಲಿಟ್ಟಿರಲಿಲ್ಲ.

ಬೆಳಿಗ್ಗೆ ಹಸಿರು ಸೀರೆ ಉಟ್ಕೊಂಡು ಬಂದ್ಲು. ತಕ್ಕಡಿ ಹತ್ತಿದ್ಲು, ಅರವತ್ತೊಂದು. ಕಿಟಕಿಯಿಂದ ವಾರಿಜಾ ಕತ್ತು ಚಾಚಿ ನೋಡ್ತಿದ್ಲು. ಪುಸ್ತಕದಲ್ಲಿ ಒಂದು ಕಾಲಂ ಇದೆ, ಆಚೆಗೆ ಯಾಕೆ ಹೋಗ್ತಾರೆ ಅಂತ ಬರೀಬೇಕು. ಆಸ್ಪತ್ರೆ, ಕೋರ್ಟು, ಮದುವೆ, ಹಿಂಗೆ.

‘ತಿಮ್ಮಾಜಮ್ಮ, ಆಚೆ ಏನು ಕೆಲಸ?’

‘ಏನೂ ಇಲ್ಲ ಕಣೋ. ಹೋಗ್ತೀನಿ, ನನ್ನ ಮಗಳು ವಾಪಸ್ ಕರ್ಕೊಂಡು ಬರ್ತಾಳೆ. ಅಷ್ಟೇ ಬರ್ಕೋ.’

ಹಂಗೇ ಬರೆದೆ.